ಆಕ್ಟಿವಿಟಿ ಅಲ್ಲದ ಸಾದಾ ಕ್ಲಾಸ್‌ನಲ್ಲಿ ಸ್ಟ್ರಿಂಗ್ ರಿಸೋರ್ಸ್ ಓದುವುದು ಹೇಗೆ?

ಡೈರಿ_ಲೆಕ್ಕ

ಎಲ್ಲರಿಗೂ ನಮಸ್ಕಾರ. ಹಾಲಿನ ಸಂಘದಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದು ಬರೆದುಕೊಳ್ಳೋಕೆ ಒಂದು ಚಿಕ್ಕ ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ. ಕಾಟ್ಲಿನ್‌ನಲ್ಲಿ ಬರೆಯುತ್ತಿದ್ದೇನೆ. ಕನ್ನಡ, ಇಂಗ್ಲಿಷ್ ಎರಡೂ ಇರಬೇಕು.

ಮಿಲ್ಕ್‌ಚೆಕರ್ ಅಂತ ಒಂದು ಸಾದಾ ಕ್ಲಾಸ್ ಇದೆ. ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಘನಾಂಶ) ಕೊಟ್ಟರೆ ಅಂಕಿ ಸರಿ ಇದೆಯಾ ಅಂತ ನೋಡುತ್ತದೆ. ತಪ್ಪಿದ್ದರೆ ತೋರಿಸಬೇಕಾದ ಸಂದೇಶವನ್ನು ವಾಪಸ್ ಕೊಡಬೇಕು. ಸಂದೇಶಗಳೆಲ್ಲ ಸ್ಟ್ರಿಂಗ್ಸ್ ಡಾಟ್ ಎಕ್ಸ್‌ಎಂಎಲ್‌ನಲ್ಲಿವೆ. ಆಕ್ಟಿವಿಟಿ (ಆ್ಯಪಿನ ಒಂದು ಸ್ಕ್ರೀನನ್ನು ನಡೆಸುವ ಕ್ಲಾಸ್) ಒಳಗೆ ಗೆಟ್‌ಸ್ಟ್ರಿಂಗ್ ಅಂದರೆ ಸಾಕು, ಸಿಗುತ್ತದೆ. ಈ ಕ್ಲಾಸ್‌ನಲ್ಲಿ ಅದನ್ನೇ ಬರೆದರೆ ಕೆಂಪು ಗೆರೆ. ಆರ್ ಡಾಟ್ ಸ್ಟ್ರಿಂಗ್ ಅನ್ನು ನೇರವಾಗಿ ಕೂಡಿಸಿದರೆ ಸ್ಕ್ರೀನ್ ಮೇಲೆ 2131 ಅಂತ ಶುರುವಾಗುವ ಉದ್ದ ನಂಬರ್ ಬರುತ್ತದೆ. ರಿಸೋರ್ಸಸ್ ಡಾಟ್ ಗೆಟ್‌ಸಿಸ್ಟಮ್ ಹಾಕಿ ನೋಡಿದೆ, ಕಂಪೈಲ್ ಆಗುತ್ತದೆ, ಓಡಿಸಿದರೆ ಕ್ರ್ಯಾಶ್. ಏನು ಮಾಡಲಿ?

ಹಳೇ_ಎಕ್ಲಿಪ್ಸ್

ಮೊದಲು ಆ ನಂಬರ್ ಏನು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಆರ್ ಡಾಟ್ ಸ್ಟ್ರಿಂಗ್ ಅನ್ನುವುದು ಸಂದೇಶ ಅಲ್ಲ, ಬರೀ ಒಂದು ಇಂಟ್. ಆ್ಯಪ್ ಬಿಲ್ಡ್ ಆಗುವಾಗ ಪ್ರತಿ ರಿಸೋರ್ಸಿಗೂ ಒಂದೊಂದು ಐಡಿ ಹಂಚುತ್ತಾರೆ. ನಮ್ಮ ಆ್ಯಪಿನವು ಹೆಕ್ಸ್‌ನಲ್ಲಿ 7ಎಫ್‌ನಿಂದ ಶುರುವಾಗುತ್ತವೆ. ಅದನ್ನೇ ಮಾಮೂಲಿ ಅಂಕಿಯಲ್ಲಿ ಬರೆದರೆ ನಿಮಗೆ ಕಾಣಿಸಿದ 2131ರ ಸಾಲು. ಹೋಟೆಲ್ ಟೋಕನ್ ಇದ್ದ ಹಾಗೆ, ಕೌಂಟರಿಗೆ ಕೊಟ್ಟರೆ ದೋಸೆ, ಕೈಯಲ್ಲೇ ಇಟ್ಟುಕೊಂಡರೆ ನಂಬರ್.

ಇಲ್ಲಿ ಕೌಂಟರ್ ಅಂದರೆ ರಿಸೋರ್ಸಸ್ ಆಬ್ಜೆಕ್ಟ್. ಅದು ಕಾಂಟೆಕ್ಸ್ಟ್ (ಆ್ಯಪಿನ ರಿಸೋರ್ಸ್, ಸಿಸ್ಟಮ್ ಎರಡನ್ನೂ ತಲುಪಿಸುವ ಆಬ್ಜೆಕ್ಟ್) ಮೂಲಕ ಸಿಗುತ್ತದೆ. ಆಕ್ಟಿವಿಟಿ ತಾನೇ ಒಂದು ಕಾಂಟೆಕ್ಸ್ಟ್, ಸರ್ವಿಸ್ ಕೂಡ, ಅಪ್ಲಿಕೇಶನ್ ಕೂಡ. ಹಾಗಾಗಿ ಅವುಗಳ ಒಳಗೆ ಗೆಟ್‌ಸ್ಟ್ರಿಂಗ್ ಸುಮ್ನೆ ಬರೆದರೂ ನಡೆಯುತ್ತದೆ. ನಿಮ್ಮ ಮಿಲ್ಕ್‌ಚೆಕರ್ ಯಾರ ಮನೆಯ ಮಗನೂ ಅಲ್ಲ, ಅದಕ್ಕೆ ಸಿಗುವುದಿಲ್ಲ.

ಗೆಟ್‌ಸಿಸ್ಟಮ್ ಕೊಡುವುದು ಆಂಡ್ರಾಯ್ಡ್‌ನ ಸ್ವಂತ ರಿಸೋರ್ಸ್ ಮಾತ್ರ. ಸಿಸ್ಟಮ್‌ನ ಓಕೆ, ಕ್ಯಾನ್ಸಲ್ ಅಂಥವು ಸಿಗುತ್ತವೆ. ನಿಮ್ಮ ಆ್ಯಪಿನ ಐಡಿ ಕೇಳಿದರೆ ನಾಟ್‌ಫೌಂಡ್ ಎಕ್ಸೆಪ್ಶನ್.

ಇದರ ಉಲ್ಟಾ ತಮಾಷೆಯೂ ಒಂದಿದೆ. ಸೆಟ್‌ಟೆಕ್ಸ್ಟ್‌ಗೆ 5 ಅಂತ ಇಂಟ್ ಕೊಟ್ಟರೆ ಅದು 5ನ್ನು ಐಡಿ ಅಂದುಕೊಂಡು ಹುಡುಕೋಕೆ ಹೋಗಿ ಆ್ಯಪನ್ನೇ ಬೀಳಿಸುತ್ತದೆ. ಆಂಡ್ರಾಯ್ಡ್ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ನೋಡುವ ಕ್ರ್ಯಾಶ್ ಅದು.

ನಾಳೆ_ರಿಲೀಸ್

ಇಷ್ಟು ದೊಡ್ಡ ಕಥೆ ಯಾಕೆ ಗುರು? ಅಪ್ಲಿಕೇಶನ್ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಿ. ಕಂಪ್ಯಾನಿಯನ್ ಆಬ್ಜೆಕ್ಟ್‌ನಲ್ಲಿ ಒಂದು ಲೇಟ್‌ಇನಿಟ್ ವೇರಿಯಬಲ್ ಇಡಿ, ಆನ್‌ಕ್ರಿಯೇಟ್‌ನಲ್ಲಿ ದಿಸ್ ಅನ್ನು ಅದಕ್ಕೆ ಹಾಕಿ. ಮ್ಯಾನಿಫೆಸ್ಟ್‌ನಲ್ಲಿ ಆ ಕ್ಲಾಸಿನ ಹೆಸರು ಬರೆಯೋದು ಮಾತ್ರ ಮರೆಯಬೇಡಿ. ಆಮೇಲೆ ಎಲ್ಲಿಂದ ಬೇಕಾದರೂ ಗೆಟ್‌ಸ್ಟ್ರಿಂಗ್. ಐದು ಸಾಲು, ಐದು ನಿಮಿಷ. ನಾವು ಮಾಡುವುದೆಲ್ಲ ಹೀಗೇ.

ಗದಗ_ಗುಬ್ಬಿ

ನಾಳೆ_ರಿಲೀಸ್ ಅವರ ದಾರಿ ಓಡುತ್ತದೆ, ಸುಳ್ಳಲ್ಲ. ಅಪ್ಲಿಕೇಶನ್ ಆಬ್ಜೆಕ್ಟ್ ಪ್ರೋಸೆಸ್ ಇರುವವರೆಗೂ ಇರುತ್ತದೆ, ಹಾಗಾಗಿ ಮೆಮೊರಿ ಲೀಕ್ ಭಯವೂ ಇಲ್ಲ. (ಅದೇ ಜಾಗದಲ್ಲಿ ಆಕ್ಟಿವಿಟಿಯನ್ನು ಸ್ಟ್ಯಾಟಿಕ್ ಆಗಿ, ಅಂದರೆ ಎಲ್ಲಿಂದ ಬೇಕಾದರೂ ಸಿಗುವ ಹಾಗೆ ಕ್ಲಾಸಿಗೇ ಅಂಟಿಸಿ ಇಟ್ಟರೆ ಕಥೆ ಬೇರೆ. ಫೋನ್ ತಿರುಗಿಸಿದಾಗಲೆಲ್ಲ ಹಳೇ ಸ್ಕ್ರೀನು ಸಾಯದೇ ಉಳಿಯುತ್ತದೆ.)

ಆದರೆ ಡೈರಿ_ಲೆಕ್ಕ ಅವರ ಆ್ಯಪಿಗೆ ಎರಡು ಭಾಷೆ ಇದೆ. ತೊಂದರೆ ಇರುವುದೇ ಅಲ್ಲಿ. ಸಾದಾ ಕ್ಲಾಸ್ ಸ್ಟ್ರಿಂಗನ್ನು ಓದಿದ ಕ್ಷಣದಲ್ಲೇ ಭಾಷೆ ತೀರ್ಮಾನವಾಗಿ ಹೋಗುತ್ತದೆ. ಆಮೇಲೆ ಬಳಸುವವರು ಭಾಷೆ ಬದಲಿಸಿದರೆ ಆಕ್ಟಿವಿಟಿ ಹೊಸದಾಗಿ ಹುಟ್ಟುತ್ತದೆ, ವ್ಯೂಮಾಡೆಲ್ (ಸ್ಕ್ರೀನಿನ ಮಾಹಿತಿ ಹಿಡಿದಿಡುವ ಕ್ಲಾಸ್) ಹುಟ್ಟುವುದಿಲ್ಲ, ಹಳೆಯದೇ ಮುಂದುವರಿಯುತ್ತದೆ. ಅದರಲ್ಲಿ ಇಟ್ಟ ಸಂದೇಶ ಇಂಗ್ಲಿಷ್‌ನಲ್ಲೇ ಕೂತಿರುತ್ತದೆ. ಮೇಲಿನ ಬಟನ್‌ಗಳೆಲ್ಲ ಕನ್ನಡ, ಕೆಳಗೆ ಕೆಂಪಕ್ಷರದಲ್ಲಿ ಇಂಗ್ಲಿಷ್. ನೋಡಿರುತ್ತೀರಿ ಇಂಥ ಆ್ಯಪ್.

ನನ್ನ ಮಾತು ಇಷ್ಟೇ: ಮಿಲ್ಕ್‌ಚೆಕರ್ ಸಂದೇಶ ವಾಪಸ್ ಕೊಡುವುದೇ ಬೇಡ. ಯಾವ ಸಂದೇಶ ಅನ್ನುವ ಐಡಿ ಕೊಡಲಿ, ಅದರೊಳಗೆ ತುಂಬಬೇಕಾದ ಅಂಕಿ ಕೊಡಲಿ. ಓದುವ ಕೆಲಸ ಸ್ಕ್ರೀನಿನದು. ಸ್ಕ್ರೀನಿಗೆ ಹೇಗಿದ್ದರೂ ಸರಿಯಾದ ಕಾಂಟೆಕ್ಸ್ಟ್ ಇದ್ದೇ ಇರುತ್ತದೆ.

ಡೈರಿ_ಲೆಕ್ಕ

ಅಂದರೆ ಫಂಕ್ಷನ್ ಇಂಟ್ ವಾಪಸ್ ಕೊಡಬೇಕಾ ಅಕ್ಕಾ? ಆಮೇಲೆ ಯಾವ ಇಂಟ್ ಏನು ಅಂತ ಗೊಂದಲ ಆಗುವುದಿಲ್ಲವಾ? ಇನ್ನೊಂದು, ಕೆಲವು ಸಂದೇಶ ಸರ್ವರ್‌ನಿಂದ ರೆಡಿಯಾಗಿ ಬರುತ್ತವೆ. ಅವಕ್ಕೆ ಐಡಿಯೇ ಇಲ್ಲ.

ಗದಗ_ಗುಬ್ಬಿ

ಬರೀ ಇಂಟ್ ಬೇಡ, ಗೊಂದಲ ಆಗಿಯೇ ಆಗುತ್ತದೆ. ಫೋನ್‌ನಲ್ಲಿ ಟೈಪ್ ಮಾಡುತ್ತಿದ್ದೇನೆ, ಕೋಡನ್ನು ಮಾತಲ್ಲೇ ಹೇಳುತ್ತೇನೆ.

ಯುಐಟೆಕ್ಸ್ಟ್ ಅಂತ ಒಂದು ಸೀಲ್ಡ್ ಇಂಟರ್‌ಫೇಸ್ ಮಾಡಿ. ಅದಕ್ಕೆ ಎರಡು ಡೇಟಾ ಕ್ಲಾಸ್. ಒಂದು ರಿಸೋರ್ಸ್: ಒಳಗೆ ಐಡಿ, ಜೊತೆಗೆ ಆರ್ಗ್ಯುಮೆಂಟ್‌ಗಳ ಲಿಸ್ಟ್. ಐಡಿಗೆ ಸ್ಟ್ರಿಂಗ್‌ರೆಸ್ ಅನ್ನುವ ಅನೊಟೇಶನ್ ಹಾಕಿ, ಯಾರಾದರೂ ಡ್ರಾಯಬಲ್ ಐಡಿಯನ್ನೋ ಸುಮ್ನೆ 5ನ್ನೋ ಕೊಟ್ಟರೆ ಲಿಂಟ್ (ಕೋಡಿನ ತಪ್ಪು ಹುಡುಕುವ ಸಾಧನ) ಬೈಯುತ್ತದೆ. ಎರಡನೆಯದು ಪ್ಲೇನ್: ಸರ್ವರ್‌ನಿಂದ ಬಂದ ಸಿದ್ಧ ಪಠ್ಯ ಹಾಗೇ ಇರುತ್ತದೆ.

ಮಿಲ್ಕ್‌ಚೆಕರ್ ಈಗ ಯುಐಟೆಕ್ಸ್ಟ್ ವಾಪಸ್ ಕೊಡುತ್ತದೆ, ತಪ್ಪಿಲ್ಲದಿದ್ದರೆ ನಲ್. ವ್ಯೂಮಾಡೆಲ್ ಅದನ್ನು ಬಿಚ್ಚಿ ನೋಡುವುದಿಲ್ಲ, ಹಾಗೇ ಸ್ಟೇಟ್‌ನಲ್ಲಿ ಇಡುತ್ತದೆ. ಕೊನೆಗೆ ಸ್ಕ್ರೀನ್‌ನಲ್ಲಿ ಒಂದು ಚಿಕ್ಕ ಎಕ್ಸ್‌ಟೆನ್ಶನ್ ಫಂಕ್ಷನ್. ಕಾಂಟೆಕ್ಸ್ಟ್ ತಗೊಂಡು, ರಿಸೋರ್ಸ್ ಆದರೆ ಗೆಟ್‌ಸ್ಟ್ರಿಂಗ್, ಪ್ಲೇನ್ ಆದರೆ ಇದ್ದದ್ದು ಇದ್ದ ಹಾಗೆ. ಕಂಪೋಸ್ (ಕಾಟ್ಲಿನ್‌ನಲ್ಲೇ ಸ್ಕ್ರೀನ್ ಬರೆಯುವ ಲೈಬ್ರರಿ) ಬಳಸುತ್ತಿದ್ದರೆ ಸ್ಟ್ರಿಂಗ್‌ರಿಸೋರ್ಸ್ ಫಂಕ್ಷನ್.

ಆರ್ಗ್ಯುಮೆಂಟ್‌ಗಳನ್ನು ಅರೇ ಮಾಡಬೇಡಿ, ಲಿಸ್ಟೇ ಮಾಡಿ. ಡೇಟಾ ಕ್ಲಾಸ್‌ನೊಳಗೆ ಅರೇ ಇದ್ದರೆ ಹೋಲಿಕೆ ಕೈಕೊಡುತ್ತದೆ. ಒಳಗಿನ ಅಂಕಿ ಒಂದೇ ಆದರೂ ಎರಡು ಅರೇ ಸಮ ಅಲ್ಲ ಅಂತ ಹೇಳುತ್ತದೆ. ಟೆಸ್ಟ್ ಫೇಲ್ ಆಗುತ್ತದೆ, ಸ್ಟೇಟ್‌ಫ್ಲೋ (ಸ್ಟೇಟ್ ಬದಲಾದಾಗ ಸ್ಕ್ರೀನಿಗೆ ತಿಳಿಸುವ ಆಬ್ಜೆಕ್ಟ್) ಬದಲಾಗದ ಸಂದೇಶವನ್ನೂ ಮತ್ತೆ ಮತ್ತೆ ಕಳಿಸುತ್ತದೆ.

ಇನ್ನೊಂದು ಮಾತು. "ಎಮ್ಮೆ ಹಾಲಿನ ಫ್ಯಾಟ್ ತಪ್ಪಾಗಿದೆ" ಅನ್ನುವುದರಲ್ಲಿ ಎಮ್ಮೆ ಅನ್ನುವುದೂ ಒಂದು ರಿಸೋರ್ಸೇ ಅಲ್ವಾ? ಆಗ ಆರ್ಗ್ಯುಮೆಂಟ್ ಜಾಗದಲ್ಲಿ ಇನ್ನೊಂದು ಯುಐಟೆಕ್ಸ್ಟ್ ಬರಲಿ. ಬಿಚ್ಚುವ ಫಂಕ್ಷನ್ ಮೊದಲು ಒಳಗಿನದನ್ನು ಬಿಚ್ಚಿ ಆಮೇಲೆ ಹೊರಗಿನದನ್ನು ಬಿಚ್ಚಲಿ. ಇದನ್ನು ಮರೆತರೆ ಮತ್ತೆ ಅದೇ 2131 ವಾಕ್ಯದ ನಡುವೆ ಬಂದು ಕೂರುತ್ತದೆ.

ಟೆಸ್ಟ್_ಬರೀರಪ್ಪಾ

ಗುಬ್ಬಿ ಅವರು ಹೇಳಿದ್ದರಲ್ಲಿ ನನಗೆ ದೊಡ್ಡ ಲಾಭ ಕಾಣುವುದು ಟೆಸ್ಟಿಂಗ್‌ನಲ್ಲಿ. ಮಿಲ್ಕ್‌ಚೆಕರ್ ಒಳಗೆ ಕಾಂಟೆಕ್ಸ್ಟ್ ಬಂತು ಅಂದರೆ ಲ್ಯಾಪ್‌ಟಾಪ್‌ನಲ್ಲಿ ಓಡುವ ಮಾಮೂಲಿ ಯೂನಿಟ್ ಟೆಸ್ಟ್ ಮುಗಿಯಿತು. ಗೆಟ್‌ಸ್ಟ್ರಿಂಗ್ ಮಾಕ್ ಆಗಿಲ್ಲ ಅಂತ ಎಕ್ಸೆಪ್ಶನ್ ಎಸೆಯುತ್ತದೆ, ಯಾಕೆಂದರೆ ಅಲ್ಲಿ ಇರುವುದು ಆಂಡ್ರಾಯ್ಡ್‌ನ ಖಾಲಿ ಚಿಪ್ಪು ಮಾತ್ರ. ಆಮೇಲೆ ಮಾಕಿಂಗ್ ಲೈಬ್ರರಿ ತನ್ನಿ, ಇಲ್ಲ ಲ್ಯಾಪ್‌ಟಾಪ್‌ನಲ್ಲೇ ಆಂಡ್ರಾಯ್ಡ್ ಥರ ನಟಿಸುವ ರೋಬೊಲೆಕ್ಟ್ರಿಕ್ ತನ್ನಿ. ಫ್ಯಾಟ್ 35 ಕೊಟ್ಟರೆ ತಪ್ಪು ಅನ್ನಬೇಕು, 3.5 ಕೊಟ್ಟರೆ ಒಪ್ಪಬೇಕು. ಇಷ್ಟು ಪರೀಕ್ಷೆ ಮಾಡೋಕೆ ಅಷ್ಟೆಲ್ಲ ಸಾಮಾನು ಯಾಕೆ?

ಐಡಿ ವಾಪಸ್ ಬಂದರೆ ಐಡಿಗೆ ಐಡಿ ಹೋಲಿಸಿದರೆ ಮುಗಿಯಿತು. ನಾಳೆ ಯಾರೋ ವಾಕ್ಯವನ್ನು ಚಂದ ಮಾಡಿ ಬರೆದರೂ ಟೆಸ್ಟ್ ಮುರಿಯುವುದಿಲ್ಲ.

ನಾಳೆ_ರಿಲೀಸ್

ಪುಸ್ತಕದ ಮಾತು ಚೆನ್ನಾಗಿದೆ. ಆದರೆ ಸ್ಕ್ರೀನೇ ಇಲ್ಲದ ಕಡೆ ಏನು ಮಾಡುತ್ತೀರಿ? ಸಂಜೆ ಆರಕ್ಕೆ "ಇವತ್ತಿನ ಲೆಕ್ಕ ಇನ್ನೂ ಕಳಿಸಿಲ್ಲ" ಅಂತ ನೋಟಿಫಿಕೇಶನ್ ಹೋಗಬೇಕು. ಆಗ ಆಕ್ಟಿವಿಟಿ ಎಲ್ಲಿದೆ? ಅಪ್ಲಿಕೇಶನ್ ಕಾಂಟೆಕ್ಸ್ಟ್ ಬಿಟ್ಟರೆ ಗತಿ ಇಲ್ಲ.

ಕಡಲ_ತಡಿ

ಅದಕ್ಕೆ ಸ್ಟ್ಯಾಟಿಕ್ ಯಾಕೆ ಬೇಕು ಮಾರಾಯ್ರೆ? ಹಿನ್ನೆಲೆ ಕೆಲಸ ನಡೆಸುವ ವರ್ಕ್‌ಮ್ಯಾನೇಜರ್‌ನ ವರ್ಕರ್‌ಗೆ ಅಪ್ಲಿಕೇಶನ್ ಕಾಂಟೆಕ್ಸ್ಟ್ ಕೈಗೇ ಬರುತ್ತದೆ. ಬ್ರಾಡ್‌ಕಾಸ್ಟ್ ರಿಸೀವರ್‌ಗೂ ಆನ್‌ರಿಸೀವ್‌ನಲ್ಲಿ ಬರುತ್ತದೆ. ಬೇರೆ ಕ್ಲಾಸಿಗೆ ಬೇಕಾದರೆ ಕನ್‌ಸ್ಟ್ರಕ್ಟರ್ ಮೂಲಕ ಕೊಡಿ. ಹಿಲ್ಟ್ (ಕ್ಲಾಸಿಗೆ ಬೇಕಾದ್ದನ್ನು ತಾನೇ ಒದಗಿಸುವ ಲೈಬ್ರರಿ) ಇದ್ದರೆ ಅಪ್ಲಿಕೇಶನ್‌ಕಾಂಟೆಕ್ಸ್ಟ್ ಅನ್ನುವ ಅನೊಟೇಶನ್ ಹಾಕಿದರೆ ಅದೇ ತಂದುಕೊಡುತ್ತದೆ. ಈ ಕ್ಲಾಸಿಗೆ ಕಾಂಟೆಕ್ಸ್ಟ್ ಬೇಕು ಅನ್ನುವುದು ಕನ್‌ಸ್ಟ್ರಕ್ಟರ್ ನೋಡಿದ ಕೂಡಲೇ ಗೊತ್ತಾಗುತ್ತದಲ್ಲ, ಅದು ಮುಖ್ಯ. ಸ್ಟ್ಯಾಟಿಕ್ ಆದರೆ ಯಾರು ಎಲ್ಲಿ ಕೈ ಹಾಕಿದ್ದಾರೆ ಅಂತ ಇಡೀ ಪ್ರಾಜೆಕ್ಟ್ ಹುಡುಕಬೇಕು.

ಸ್ಟ್ಯಾಟಿಕ್‌ನಲ್ಲಿ ಇನ್ನೊಂದು ಗುಂಡಿ: ಕಂಟೆಂಟ್ ಪ್ರೊವೈಡರ್‌ಗಳ ಆನ್‌ಕ್ರಿಯೇಟ್ ಅಪ್ಲಿಕೇಶನ್‌ನ ಆನ್‌ಕ್ರಿಯೇಟ್‌ಗಿಂತ ಮೊದಲೇ ಓಡುತ್ತದೆ. ಎಷ್ಟೋ ಲೈಬ್ರರಿಗಳು ತಮ್ಮನ್ನು ಶುರು ಮಾಡಿಕೊಳ್ಳುವುದೇ ಪ್ರೊವೈಡರ್ ಮೂಲಕ. ಅಲ್ಲಿಂದ ನಿಮ್ಮ ಕೋಡ್‌ಗೆ ಕರೆ ಬಂದರೆ ಲೇಟ್‌ಇನಿಟ್ ಇನ್ನೂ ಖಾಲಿ, ಆ್ಯಪ್ ತೆರೆಯುವಾಗಲೇ ಕ್ರ್ಯಾಶ್.

ನೋಟಿಫಿಕೇಶನ್ ವಿಷಯದಲ್ಲಿ ನಿಜವಾದ ಕಿರಿಕಿರಿ ಭಾಷೆಯದ್ದು. ಡೈರಿ_ಲೆಕ್ಕ, ನಿಮ್ಮ ಆ್ಯಪ್ ಒಳಗೇ ಭಾಷೆ ಬದಲಿಸುವ ಬಟನ್ ಇದೆಯಾ, ಫೋನಿನ ಭಾಷೆಯನ್ನೇ ನಂಬಿದ್ದೀರಾ?

ಡೈರಿ_ಲೆಕ್ಕ

ಬಟನ್ ಇದೆ ಸರ್. ನಮ್ಮ ಕಡೆ ಹೆಚ್ಚಿನವರ ಫೋನ್ ಇಂಗ್ಲಿಷ್‌ನಲ್ಲೇ ಇರುತ್ತದೆ, ಆದರೆ ಹಾಲಿನ ಲೆಕ್ಕ ಕನ್ನಡದಲ್ಲೇ ಬೇಕು ಅನ್ನುತ್ತಾರೆ. ಆ್ಯಪ್‌ಕಂಪ್ಯಾಟ್ ಡೆಲಿಗೇಟ್‌ನ ಸೆಟ್‌ಅಪ್ಲಿಕೇಶನ್‌ಲೊಕೇಲ್ಸ್ ಬಳಸಿದ್ದೇನೆ.

ಕಡಲ_ತಡಿ

ಹಾಗಾದರೆ ಇದನ್ನು ಸರಿಯಾಗಿ ಓದಿ. ಆಂಡ್ರಾಯ್ಡ್ 13ರಿಂದ ಮೇಲೆ ಆ್ಯಪಿಗೊಂದು ಭಾಷೆ ಅನ್ನುವುದು ಸಿಸ್ಟಮ್‌ನಲ್ಲೇ ಇದೆ. ನೀವು ಕರೆದ ಫಂಕ್ಷನ್ ಅದನ್ನೇ ಕೇಳುತ್ತದೆ, ಆಗ ಇಡೀ ಆ್ಯಪ್ ಕನ್ನಡಕ್ಕೆ ಬರುತ್ತದೆ, ಅಪ್ಲಿಕೇಶನ್ ಕಾಂಟೆಕ್ಸ್ಟ್ ಕೂಡ. 12 ಮತ್ತು ಅದಕ್ಕಿಂತ ಹಳೇ ಫೋನಿನಲ್ಲಿ ಲೈಬ್ರರಿಯೇ ಆ ಕೆಲಸ ಮಾಡುತ್ತದೆ. ಅದರ ಕೈ ಎಟುಕುವುದು ಆಕ್ಟಿವಿಟಿವರೆಗೆ ಮಾತ್ರ. ಅಪ್ಲಿಕೇಶನ್ ಕಾಂಟೆಕ್ಸ್ಟ್ ಫೋನಿನ ಭಾಷೆಯಲ್ಲೇ ಉಳಿಯುತ್ತದೆ.

ಪರಿಣಾಮ ಏನು? ನಿಮ್ಮ ಹೊಸ ಫೋನಿನಲ್ಲಿ ಎಲ್ಲ ಸರಿ ಕಾಣುತ್ತದೆ. ಸಂಘದ ಕಾರ್ಯದರ್ಶಿಯ ಹಳೇ ಫೋನಿನಲ್ಲಿ ಆ್ಯಪ್ ಕನ್ನಡ, ನೋಟಿಫಿಕೇಶನ್ ಇಂಗ್ಲಿಷ್. ನಾಳೆ_ರಿಲೀಸ್ ಹೇಳಿದ ಸ್ಟ್ಯಾಟಿಕ್ ದಾರಿಯಲ್ಲಿ ಓದಿದ ಪ್ರತಿಯೊಂದು ಸಂದೇಶಕ್ಕೂ ಇದೇ ಗತಿ.

ಇದಕ್ಕೆ ಪರಿಹಾರ ಇದೆ. ಕಾಂಟೆಕ್ಸ್ಟ್‌ಕಂಪ್ಯಾಟ್‌ನಲ್ಲಿ ಗೆಟ್‌ಕಾಂಟೆಕ್ಸ್ಟ್‌ಫಾರ್‌ಲ್ಯಾಂಗ್ವೇಜ್ ಅಂತ ಇದೆ. ಅಪ್ಲಿಕೇಶನ್ ಕಾಂಟೆಕ್ಸ್ಟ್ ಕೊಟ್ಟರೆ, ಬಳಸುವವರು ಆರಿಸಿದ ಭಾಷೆಯ ಕಾಂಟೆಕ್ಸ್ಟ್ ವಾಪಸ್ ಕೊಡುತ್ತದೆ. ಅದರಿಂದ ಓದಿ. ಹಳೇ ಫೋನಿನಲ್ಲಿ ಆಯ್ಕೆ ಉಳಿಯಬೇಕಾದರೆ ಮ್ಯಾನಿಫೆಸ್ಟ್‌ನಲ್ಲಿ ಆಟೋಸ್ಟೋರ್‌ಲೊಕೇಲ್ಸ್ ಹಾಕಿರಬೇಕು. ಲೈಬ್ರರಿ ಬೇಡ ಅನ್ನುವವರು ಕ್ರಿಯೇಟ್‌ಕಾನ್ಫಿಗರೇಶನ್‌ಕಾಂಟೆಕ್ಸ್ಟ್ ಬಳಸಿ ಕೈಯಾರೆ ಮಾಡಬಹುದು, ಸ್ವಲ್ಪ ಜಾಸ್ತಿ ಬರೆಯಬೇಕು ಅಷ್ಟೇ.

ನಾಳೆ_ರಿಲೀಸ್

ಸರಿ, 12 ಮತ್ತು ಅದರ ಕೆಳಗಿನ ವಿಷಯ ಒಪ್ಪಿದೆ. ಒಂದೇ ಭಾಷೆಯ ಆ್ಯಪಿಗೆ ಈಗಲೂ ನಾನು ಸ್ಟ್ಯಾಟಿಕ್ಕೇ ಹಾಕುವವನು.

ಹಳೇ_ಎಕ್ಲಿಪ್ಸ್

ಹಾಕಿ, ಬೇಡ ಅನ್ನುವವರು ಯಾರು. ಆದರೆ ಟಾಪ್ ಲೆವೆಲ್‌ನಲ್ಲೋ ಕಂಪ್ಯಾನಿಯನ್ ಆಬ್ಜೆಕ್ಟ್‌ನಲ್ಲೋ ಸಂದೇಶವನ್ನೇ ವ್ಯಾಲ್ ಮಾಡಿ ಇಡಬೇಡಿ. ಅದು ಕ್ಲಾಸ್ ಲೋಡ್ ಆದಾಗ ಒಮ್ಮೆ ಓದಿದ್ದು, ಪ್ರೋಸೆಸ್ ಸಾಯುವವರೆಗೆ ಬದಲಾಗುವುದಿಲ್ಲ. ಈನಮ್‌ನಲ್ಲಿ (ನಿಗದಿತ ಆಯ್ಕೆಗಳ ಪಟ್ಟಿ) ಹೀಗೆ ಮಾಡಿದ್ದನ್ನು ಬಹಳ ನೋಡಿದ್ದೇನೆ. ಈನಮ್‌ಗೆ ಐಡಿಯನ್ನೇ ಪ್ರಾಪರ್ಟಿ ಮಾಡಿ, ಹಸುವಿಗೆ ಒಂದು ಐಡಿ, ಎಮ್ಮೆಗೆ ಒಂದು ಐಡಿ. ಅಷ್ಟು ಸಾಕು.

ಹಾಗಂತ ಆ ಐಡಿಯನ್ನು ಡೇಟಾಬೇಸ್‌ಗೆ ಮಾತ್ರ ಬರೆಯಬೇಡಿ! ಐಡಿ ಬಿಲ್ಡ್‌ನಿಂದ ಬಿಲ್ಡ್‌ಗೆ ಬದಲಾಗಬಹುದು. ಎರಡು ಹೊಸ ಸ್ಟ್ರಿಂಗ್ ಸೇರಿಸಿ ಅಪ್‌ಡೇಟ್ ಬಿಟ್ಟರೆ, ನಿನ್ನೆ "ಎಮ್ಮೆ" ಆಗಿದ್ದ ನಂಬರ್ ಇವತ್ತು "ಲಾಗ್‌ಔಟ್" ಆಗಿರುತ್ತದೆ. ಡೇಟಾಬೇಸ್‌ಗೆ ಈನಮ್‌ನ ಹೆಸರನ್ನೋ ನಿಮ್ಮದೇ ಒಂದು ಕೋಡನ್ನೋ ಬರೆಯಿರಿ.

ಜಾವಾ_ಬಿಡಲ್ಲ

ಇದೇ ಐಡಿ ವಿಷಯದಲ್ಲಿ ನನ್ನದೊಂದು ಪ್ರಶ್ನೆ. ಜಾವಾ ಕೋಡ್‌ನಲ್ಲಿ ಸ್ವಿಚ್ ಕೇಸ್ ಒಳಗೆ ಆರ್ ಡಾಟ್ ಸ್ಟ್ರಿಂಗ್ ಬಳಸುತ್ತಿದ್ದೆವು. ಗ್ರೇಡಲ್‌ನ (ಆ್ಯಪ್ ಬಿಲ್ಡ್ ಮಾಡುವ ಸಾಧನ) ಆಂಡ್ರಾಯ್ಡ್ ಪ್ಲಗಿನ್ ಮೇಲಕ್ಕೆ ಏರಿಸಿದ ಮೇಲೆ ಕಾನ್‌ಸ್ಟಂಟ್ ಬೇಕು ಅಂತ ಎರರ್.

ಹಳೇ_ಎಕ್ಲಿಪ್ಸ್

ಪ್ಲಗಿನ್ 8.0ರಿಂದ ಐಡಿಗಳು ಫೈನಲ್ ಅಲ್ಲ. ಇಫ್ ಎಲ್ಸ್ ಮಾಡಿ. ಕಾಟ್ಲಿನ್‌ನ ವೆನ್‌ಗೆ ಈ ತೊಂದರೆ ಇಲ್ಲ. ಅದೇ 8.0ರಿಂದ ಇನ್ನೊಂದು ಬದಲಾವಣೆಯೂ ಆಗಿದೆ. ಬೇರೆ ಮಾಡ್ಯೂಲ್‌ನ ಸ್ಟ್ರಿಂಗ್ ನಿಮ್ಮ ಮಾಡ್ಯೂಲ್‌ನ ಆರ್ ಒಳಗೆ ಕಾಣಿಸುವುದಿಲ್ಲ, ಆ ಮಾಡ್ಯೂಲ್‌ನ ಆರ್ ಅನ್ನೇ ಇಂಪೋರ್ಟ್ ಮಾಡಬೇಕು.

ಅನುವಾದ_ಮಾಡ್ತೀನಿ

ನಾನು ಕೋಡ್ ಬರೆಯುವುದು ಕಡಿಮೆ, ಆ್ಯಪ್‌ಗಳ ಕನ್ನಡ ಫೈಲ್ ತುಂಬುವ ಕೆಲಸ ಮಾಡುತ್ತೇನೆ. ಈ ಚರ್ಚೆಯಲ್ಲಿ ಯಾರೂ ಎತ್ತದ ಎರಡು ಸಂಗತಿ ನಮ್ಮ ಕೈಗೆ ಬಂದಾಗ ಪೇಚಾಗುತ್ತವೆ.

ಒಂದು, ತುಂಡು ಜೋಡಿಸುವುದು. ಸಾದಾ ಕ್ಲಾಸ್‌ನಲ್ಲಿ ಊರಿನ ಹೆಸರು ಒಂದು ಸ್ಟ್ರಿಂಗ್, ಹಿಂದೆ "ಗೆ ಕಳಿಸಲಾಗಿದೆ" ಅಂತ ಇನ್ನೊಂದು ಸ್ಟ್ರಿಂಗ್, ನಡುವೆ ಪ್ಲಸ್. ಇಂಗ್ಲಿಷ್‌ಗೆ ನಡೆಯಬಹುದು. ಕನ್ನಡದಲ್ಲಿ ಹುಬ್ಬಳ್ಳಿಗೆ ಸರಿ, ಮೈಸೂರು ಆದರೆ ಮೈಸೂರಿಗೆ ಆಗಬೇಕು, ಹಾಸನ ಆದರೆ ಹಾಸನಕ್ಕೆ. ಪ್ಲಸ್ ಮಾಡಿದರೆ "ಹಾಸನಗೆ" ಅಂತ ಬರುತ್ತದೆ. ದಯವಿಟ್ಟು ಇಡೀ ವಾಕ್ಯವನ್ನು ಒಂದೇ ರಿಸೋರ್ಸ್ ಮಾಡಿ, ಹೆಸರು ಬರುವ ಜಾಗದಲ್ಲಿ ನಂಬರ್ ಹಾಕಿದ ಗುರುತು ಇಡಿ. ಆಗ ನಾವು "ಕಳಿಸಿದ ಊರು: ಹಾಸನ" ಅಂತ ವಾಕ್ಯವನ್ನೇ ತಿರುಗಿಸಿ ಪಾರಾಗುತ್ತೇವೆ. ಎರಡು ಗುರುತು ಇದ್ದರೆ ಒಂದು, ಎರಡು ಅಂತ ನಂಬರ್ ಇರಲೇಬೇಕು, ಕನ್ನಡದಲ್ಲಿ ಅವುಗಳ ಸಾಲು ಹಿಂದುಮುಂದಾಗುತ್ತದೆ.

ಎರಡು, ಏಕವಚನ ಬಹುವಚನ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಣಿಕೆಗೆ ತಕ್ಕ ವಾಕ್ಯ ಆರಿಸುವ ಪ್ಲೂರಲ್ಸ್ ರಿಸೋರ್ಸ್‌ನಲ್ಲಿ ಕನ್ನಡಕ್ಕೆ ಇರುವುದು ಒನ್, ಅದರ್ ಎರಡೇ. ಆದರೆ ಕನ್ನಡದ ನಿಯಮದ ಪ್ರಕಾರ ಸೊನ್ನೆಯೂ ಒನ್‌ಗೇ ಬೀಳುತ್ತದೆ. ಇಂಗ್ಲಿಷ್‌ನಲ್ಲಿ ಸೊನ್ನೆ ಅದರ್‌ಗೆ ಹೋಗುತ್ತದೆ. ಒನ್ ಜಾಗದಲ್ಲಿ "ಒಬ್ಬ ರೈತರ ಲೆಕ್ಕ ಬಾಕಿ ಇದೆ" ಅಂತ ಬರೆದಿದ್ದರೆ, ಯಾರದ್ದೂ ಬಾಕಿ ಇಲ್ಲದಾಗಲೂ ಅದೇ ತೋರಿಸುತ್ತದೆ!

ಡೈರಿ_ಲೆಕ್ಕ

ಈಗಷ್ಟೇ ಸೊನ್ನೆ ಕೊಟ್ಟು ನೋಡಿದೆ. ಹೌದು, ಒಬ್ಬ ರೈತರು ಬಂದರು 😄 ಝೀರೋ ಅಂತ ಇನ್ನೊಂದು ಸಾಲು ಸೇರಿಸಿದರೆ ಸರಿ ಹೋಗುತ್ತದಾ?

ಅನುವಾದ_ಮಾಡ್ತೀನಿ

ಇಲ್ಲ. ಝೀರೋ ಅನ್ನುವುದು ವ್ಯಾಕರಣದಲ್ಲಿ ಸೊನ್ನೆಗೆ ಬೇರೆ ರೂಪ ಇರುವ ಭಾಷೆಗಳಿಗೆ, ಉದಾಹರಣೆಗೆ ಅರಬ್ಬಿ. ಕನ್ನಡದಲ್ಲಿ ಬರೆದರೂ ಆಂಡ್ರಾಯ್ಡ್ ಅದನ್ನು ಆರಿಸುವುದೇ ಇಲ್ಲ. ಒನ್ ಸಾಲಿನಲ್ಲೂ ಅಂಕಿಯ ಗುರುತನ್ನೇ ಇಡಿ. "ಯಾರ ಲೆಕ್ಕವೂ ಬಾಕಿ ಇಲ್ಲ" ಅಂತ ಚಂದವಾಗಿ ಬೇಕಿದ್ದರೆ ಅದು ಬೇರೆಯೇ ಸ್ಟ್ರಿಂಗ್, ಎಣಿಕೆ ಸೊನ್ನೆಯಾದಾಗ ಕೋಡ್ ಅದನ್ನು ಆರಿಸಲಿ.

ಗದಗ_ಗುಬ್ಬಿ

ಹಾಗಾದರೆ ಯುಐಟೆಕ್ಸ್ಟ್‌ಗೆ ಮೂರನೇ ಮಗು ಬೇಕಾಯಿತು: ಪ್ಲೂರಲ್. ಐಡಿ, ಎಣಿಕೆ, ಆರ್ಗ್ಯುಮೆಂಟ್ ಲಿಸ್ಟ್. ಸ್ಕ್ರೀನ್ ಹತ್ತಿರ ಗೆಟ್‌ಕ್ವಾಂಟಿಟಿಸ್ಟ್ರಿಂಗ್. ಒಂದು ನೆನಪಿರಲಿ, ಎಣಿಕೆಯನ್ನು ಎರಡು ಸಲ ಕೊಡಬೇಕು. ಮೊದಲನೆಯದು ರೂಪ ಆರಿಸೋಕೆ, ಎರಡನೆಯದು ವಾಕ್ಯದೊಳಗೆ ತುಂಬೋಕೆ. ಒಂದೇ ಸಲ ಕೊಟ್ಟರೆ ಸ್ಕ್ರೀನ್ ಮೇಲೆ ಪರ್ಸೆಂಟ್ ಡಿ ಹಾಗೇ ಕಾಣಿಸುತ್ತದೆ.

ಸೇಬು_ಪಾರ್ಟಿ

ಐಓಎಸ್ ಕಡೆಯಿಂದ ಸುಮ್ನೆ ಇಣುಕಿದೆ. ನಮಗೆ ಕಾಂಟೆಕ್ಸ್ಟ್ ಅನ್ನುವ ತಲೆನೋವೇ ಇಲ್ಲ, ಎನ್‌ಎಸ್‌ಲೋಕಲೈಸ್ಡ್‌ಸ್ಟ್ರಿಂಗ್ ಅಂತ ಯಾವ ಕ್ಲಾಸ್‌ನಿಂದ ಬೇಕಾದರೂ ಕರೆಯಬಹುದು. ಹಾಗಿದ್ದೂ ಐಓಎಸ್ 16ರಲ್ಲಿ ಲೋಕಲೈಸ್ಡ್‌ಸ್ಟ್ರಿಂಗ್‌ರಿಸೋರ್ಸ್ ಅಂತ ಒಂದು ಟೈಪ್ ಬಂತು. ಅದೂ ನಿಮ್ಮ ಯುಐಟೆಕ್ಸ್ಟ್ ಥರದ್ದೇ, ಯಾವ ಸಂದೇಶ ಅನ್ನುವುದನ್ನು ಹಿಡಿದುಕೊಂಡು ಓದುವುದನ್ನು ಆಮೇಲಕ್ಕೆ ಬಿಡುತ್ತದೆ. ಎಲ್ಲಿಂದ ಬೇಕಾದರೂ ಓದಬಹುದು ಅಂದ ಮಾತ್ರಕ್ಕೆ ಎಲ್ಲೆಂದರಲ್ಲಿ ಓದಬೇಕಿಲ್ಲ ಅಂತ ಅಲ್ಲಿಯವರಿಗೂ ಅನ್ನಿಸಿರಬೇಕು.

ಡೈರಿ_ಲೆಕ್ಕ

ಮಿಲ್ಕ್‌ಚೆಕರ್ ಬದಲಿಸಿದೆ, ಸಂದೇಶ ಸರಿಯಾಗಿ ಬರುತ್ತಿದೆ, ಹಳೇ ಫೋನಿನ ನೋಟಿಫಿಕೇಶನ್ ಕೂಡ ಕನ್ನಡಕ್ಕೆ ಬಂತು. ಈಗ ಇನ್ನೊಂದು ವಿಚಿತ್ರ. ಆಂಡ್ರಾಯ್ಡ್ ಸ್ಟುಡಿಯೋದಿಂದ ಅದೇ ಹಳೇ ಫೋನಿಗೆ ಹಾಕಿದರೆ ಭಾಷೆ ಬಟನ್ ಕೆಲಸ ಮಾಡುತ್ತದೆ. ಪ್ಲೇ ಸ್ಟೋರ್‌ನ ಇಂಟರ್ನಲ್ ಟೆಸ್ಟಿಂಗ್‌ನಿಂದ ಇನ್‌ಸ್ಟಾಲ್ ಮಾಡಿದರೆ ಕನ್ನಡ ಒತ್ತಿದರೂ ಎಲ್ಲವೂ ಇಂಗ್ಲಿಷ್. ಕ್ರ್ಯಾಶ್ ಇಲ್ಲ, ಎರರ್ ಇಲ್ಲ. ನನ್ನ ಯುಐಟೆಕ್ಸ್ಟ್‌ನಲ್ಲಿ ಏನಾದರೂ ಕೆಟ್ಟಿದೆಯಾ?

ಕಡಲ_ತಡಿ

ನಿಮ್ಮ ಕೋಡ್ ಸರಿ ಇದೆ. ಆ ಫೋನಿನಲ್ಲಿ ಕನ್ನಡ ಫೈಲೇ ಇಲ್ಲ. ಆ್ಯಪ್ ಬಂಡಲ್ (ಪ್ಲೇ ಸ್ಟೋರ್‌ಗೆ ಕೊಡುವ ಆ್ಯಪಿನ ಕಟ್ಟು) ಅಪ್‌ಲೋಡ್ ಮಾಡಿದಾಗ ಪ್ಲೇ ಸ್ಟೋರ್ ಭಾಷೆಗಳನ್ನು ಬೇರೆ ಬೇರೆ ಮಾಡಿ, ಫೋನಿನ ಸೆಟ್ಟಿಂಗ್‌ನಲ್ಲಿರುವ ಭಾಷೆಯನ್ನು ಮಾತ್ರ ಇಳಿಸುತ್ತದೆ. ಫೋನ್ ಇಂಗ್ಲಿಷ್‌ನಲ್ಲಿದ್ದರೆ ಇಂಗ್ಲಿಷ್ ಮಾತ್ರ. ಹುಡುಕಿದ ಸ್ಟ್ರಿಂಗ್ ಕನ್ನಡದಲ್ಲಿ ಸಿಗದೆ ಡೀಫಾಲ್ಟ್‌ಗೆ ಹೋಗುತ್ತದೆ, ಅದಕ್ಕೇ ಎರರ್ ಕಾಣುವುದಿಲ್ಲ. ಸ್ಟುಡಿಯೋದಿಂದ ಹಾಕುವಾಗ ಎಲ್ಲ ಭಾಷೆಯೂ ಒಟ್ಟಿಗೆ ಹೋಗುವುದರಿಂದ ಅಲ್ಲಿ ಸರಿ ಕಂಡಿತು.

ಆ್ಯಪ್ ಮಾಡ್ಯೂಲ್‌ನ ಗ್ರೇಡಲ್ ಫೈಲ್‌ನಲ್ಲಿ ಬಂಡಲ್, ಅದರೊಳಗೆ ಲ್ಯಾಂಗ್ವೇಜ್, ಅದರೊಳಗೆ ಎನೇಬಲ್‌ಸ್ಪ್ಲಿಟ್ ಫಾಲ್ಸ್ ಮಾಡಿ ಹೊಸ ಬಂಡಲ್ ಹಾಕಿ.

ಡೈರಿ_ಲೆಕ್ಕ

ಸೈಜ್ ಜಾಸ್ತಿ ಆಗುವುದಿಲ್ಲವಾ ಸರ್? ಹಳ್ಳಿ ನೆಟ್‌ವರ್ಕು.

ಕಡಲ_ತಡಿ

ನಿಮ್ಮ ಕನ್ನಡ ಫೈಲಿನಿಂದ ಏನೂ ಆಗುವುದಿಲ್ಲ. ಆ್ಯಪ್‌ಕಂಪ್ಯಾಟ್, ಮೆಟೀರಿಯಲ್ ಲೈಬ್ರರಿಗಳು ತಮ್ಮ ಜೊತೆ ಹತ್ತಾರು ಭಾಷೆ ಹೊತ್ತು ತರುತ್ತವೆ, ಸ್ಪ್ಲಿಟ್ ತೆಗೆದರೆ ಅವೂ ಒಳಗೆ ಬರುತ್ತವೆ. ಅದಕ್ಕೆ ಅದೇ ಗ್ರೇಡಲ್ ಫೈಲ್‌ನಲ್ಲಿ ಇಂಗ್ಲಿಷ್, ಕನ್ನಡ ಎರಡೇ ಸಾಕು ಅಂತ ಹೇಳಿಬಿಡಿ. ಹಳೇ ಪ್ಲಗಿನ್‌ನಲ್ಲಿ ರೆಸ್‌ಕಾನ್ಫಿಗ್ಸ್, ಹೊಸದರಲ್ಲಿ ಲೊಕೇಲ್‌ಫಿಲ್ಟರ್ಸ್.